ಹಾರುವ ದೊಡ್ಡ ಹಕ್ಕಿಯ ಫೋಟೊ: ಸೆಟ್ಟಿಂಗ್‌ಗಿಂತ ಮೊದಲು ಗಾಳಿ ನೋಡಿ

ಗದಗಿನಲ್ಲಿ ನನ್ನದೊಂದು ಸಣ್ಣ ಫೋಟೊ ಸ್ಟುಡಿಯೊ. ನಮ್ಮ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ವಲಸೆ ಬರುತ್ತವೆ. ಚಳಿಗಾಲ ಶುರುವಾಯಿತೆಂದರೆ ಹೊಸ ಕ್ಯಾಮೆರಾ ಕೊರಳಿಗೆ ಹಾಕಿಕೊಂಡ ಹುಡುಗರು ಬಂದು ಕೇಳುತ್ತಾರೆ: "ಅಣ್ಣಾರ, ಮಾಗಡಿ ಕೆರಿಗೆ ಹೊಂಟೀವಿ, ಸೆಟ್ಟಿಂಗ್ ಏನ್ ಇಡಬೇಕ್ರಿ?" ಹೇಳುತ್ತೇನೆ. ಆದರೆ ಅದಕ್ಕಿಂತ ಮೊದಲು ತಿಳಿಯಬೇಕಾದದ್ದು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದು.

ಭಾರದ ಹಕ್ಕಿ ಸಾಧ್ಯವಾದಷ್ಟೂ ಗಾಳಿಗೆ ಎದುರಾಗಿ ಏಳುತ್ತದೆ, ಗಾಳಿಗೆ ಎದುರಾಗಿಯೇ ಇಳಿಯುತ್ತದೆ. ಪಟ್ಟೆತಲೆ ಹೆಬ್ಬಾತು ಎರಡರಿಂದ ಮೂರು ಕಿಲೊ ತೂಗುತ್ತದೆ; ರೆಕ್ಕೆ ಬಿಚ್ಚಿದರೆ ಒಂದೂವರೆ ಮೀಟರ್ ಅಗಲ. ಅಷ್ಟು ಮೈಯನ್ನು ನೀರಿನಿಂದ ಎತ್ತಲು, ಇಳಿಯುವಾಗ ವೇಗ ತಗ್ಗಿಸಲು ಎದುರುಗಾಳಿ ಬೇಕು. ಕಣದಲ್ಲಿ ರಾಶಿ ತೂರುವವರು ಗಾಳಿ ನೋಡಿ ನಿಲ್ಲುತ್ತಾರಲ್ಲ, ನೀವೂ ಹಾಗೆಯೇ ನಿಲ್ಲಬೇಕು. ಒಂದು ಹಿಡಿ ಮಣ್ಣು ತೂರಿ ನೋಡಿದರೆ ಸಾಕು.

ಚಳಿಗಾಲದಲ್ಲಿ ನಮ್ಮ ಕಡೆ ಹೆಚ್ಚಾಗಿ ಮೂಡಗಾಳಿ. ಬೆಳಿಗ್ಗೆ ಸೂರ್ಯನೂ ಮೂಡಣದಲ್ಲೇ ಇರುತ್ತಾನೆ. ಅಂದರೆ ಕೆರೆಯ ಮೂಡಣ ಬದಿಗೆ ಬೆನ್ನಿಗೆ ಬಿಸಿಲು ಬೀಳುವಂತೆ ನಿಂತರೆ, ಇಳಿಯಲು ಬರುವ ಹಕ್ಕಿ ನಿಮ್ಮತ್ತಲೇ ಮುಖ ಮಾಡಿ ಬರುತ್ತದೆ, ಅದರ ಕಣ್ಣಿಗೂ ಕೊಕ್ಕಿಗೂ ಬೆಳಕು ಬಿದ್ದಿರುತ್ತದೆ. ಈ ಹೆಬ್ಬಾತುಗಳು ಸಂಜೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗಿ ಬೆಳಿಗ್ಗೆ ಗುಂಪುಗುಂಪಾಗಿ ಕೆರೆಗೆ ಮರಳುತ್ತವೆ. ಹಾಗಾಗಿ ಕಲಿಯುವವರಿಗೆ ಬೆಳಗೇ ಒಳ್ಳೆಯದು. ಸಂಜೆ ಮೂಡಗಾಳಿಯಿದ್ದು ಸೂರ್ಯ ಪಡುವಣದಲ್ಲಿದ್ದರೆ, ಒಂದೋ ಬಾಲ ಸಿಗುತ್ತದೆ, ಇಲ್ಲವೇ ಕಪ್ಪು ನೆರಳು. ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬೀಸುವುದರಿಂದ ಲೆಕ್ಕ ತಿರುವುಮುರುವು: ಆಗ ಹುಬ್ಬಳ್ಳಿಯ ಉಣಕಲ್ ಕೆರೆಗೋ ಧಾರವಾಡದ ಕೆಲಗೇರಿಗೋ ಸಂಜೆ ಹೋಗಿ.

ಇನ್ನು ಸೆಟ್ಟಿಂಗ್. ಶಟರ್ ಸ್ಪೀಡ್ 1/2000 ಸೆಕೆಂಡಿಗೆ ಇಡಿ. ಹೆಬ್ಬಾತು ಜೋರಾಗಿ ರೆಕ್ಕೆ ಬಡಿಯುತ್ತದೆ, 1/500ಕ್ಕೆ ರೆಕ್ಕೆಯ ತುದಿ ಅಲುಗುತ್ತದೆ. ನಿಧಾನಕ್ಕೆ ಹಾರುವ ಬೂದು ಬಕಕ್ಕೆ, ತೇಲುವ ಬಣ್ಣದ ಕೊಕ್ಕರೆಗೆ 1/1000 ಸಾಕು. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೊ ಇಟ್ಟುಬಿಡಿ. ಮುಂಜಾನೆ 1600ಕ್ಕೆ ಏರಿದರೂ ಹೆದರಬೇಡಿ. ಚೂರು ಕಾಳುಕಾಳಾದ ಚಿತ್ರವನ್ನು ಕಂಪ್ಯೂಟರಿನಲ್ಲಿ ಸರಿಪಡಿಸಬಹುದು, ಅಲುಗಿದ್ದನ್ನು ಸರಿಪಡಿಸುವುದು ಕಷ್ಟ. ಫೋಕಸ್ ಹಕ್ಕಿಯ ಹಿಂದೆಯೇ ಓಡುವಂತಿರಬೇಕು: ಕ್ಯಾನನ್‌ನ ಡಿಎಸ್ಎಲ್ಆರ್‌ನಲ್ಲಿ ಅದು ಎಐ ಸರ್ವೊ, ನಿಕಾನ್, ಸೋನಿಗಳಲ್ಲಿ ಎಎಫ್-ಸಿ. ಲೆನ್ಸ್ 70–300 ಎಂಎಂ ಇದ್ದರೆ ಶುರು ಮಾಡಲು ಬೇಕಾದಷ್ಟಾಯಿತು. ಸಾಲ ಮಾಡಿ 150–600 ತರುವ ಅವಸರ ಬೇಡ, ಅದರ ಭಾರ ಹೊತ್ತು ಹಕ್ಕಿ ಹುಡುಕುವುದು ಹೊಸಬರಿಗೆ ಇನ್ನೂ ಕಷ್ಟ.

ಬೆಳಕಿನ ವಿಷಯದಲ್ಲಿ ಕ್ಯಾಮೆರಾವನ್ನು ಪೂರ್ತಿ ನಂಬಬೇಡಿ. ಬಿಳಿ ಆಕಾಶದೆದುರು ಅದು ಹಕ್ಕಿಯನ್ನು ಕಪ್ಪಾಗಿಸುತ್ತದೆ, ಚಿತ್ರದ ಬೆಳಕು ಏರಿಸಿ ಇಳಿಸುವ ಎಕ್ಸ್‌ಪೋಷರ್ ಕಾಂಪನ್ಸೇಷನ್ ಪ್ಲಸ್ 1ಕ್ಕೆ ತನ್ನಿ. ನಮ್ಮ ಎರೆ ಹೊಲದ ಮೇಲೆ ಬೆಳ್ಳಕ್ಕಿ ಹಾರಿದರೆ ಇದಕ್ಕೆ ವಿರುದ್ಧ: ಕರಿ ಮಣ್ಣು ನೋಡಿ ಕ್ಯಾಮೆರಾ ಬೆಳಕು ಹೆಚ್ಚಿಸುತ್ತದೆ, ಬಿಳಿ ಗರಿಯ ಒಂದು ಎಳೆಯೂ ಉಳಿಯುವುದಿಲ್ಲ. ಅಲ್ಲಿ ಮೈನಸ್ 1.

ಕೈ ಪಳಗಿಸಲು ಈ ಬೆಳ್ಳಕ್ಕಿಗಳೇ ಗುರು. ಟ್ರ್ಯಾಕ್ಟರ್ ಹೊಲ ಹೊಡೆಯುವಾಗ ಹಿಂದೆಯೇ ಹಾರುತ್ತ, ಕೂರುತ್ತ, ಮತ್ತೆ ಏಳುತ್ತ ಇರುತ್ತವೆ. ಹೊಲದವರನ್ನು ಕೇಳಿ ಬದುವಿನ ಮೇಲೆ ನಿಂತುಕೊಳ್ಳಿ. ಹಕ್ಕಿ ದೂರ ಇರುವಾಗಲೇ ಲೆನ್ಸಿನೊಳಗೆ ಹಿಡಿಯಿರಿ, ಜೂಮ್ ಕಡಿಮೆ ಇಟ್ಟು ಮೊದಲು ಹುಡುಕಿ, ಆಮೇಲೆ ಹತ್ತಿರ ಎಳೆಯಿರಿ. ಮೊಣಕೈ ಪಕ್ಕೆಗೆ ಒತ್ತಿ, ಕಾಲು ನೆಟ್ಟು, ಸೊಂಟದಿಂದ ತಿರುಗಿ. ಬಟನ್ ಅರ್ಧ ಒತ್ತಿ ಹಕ್ಕಿಯ ವೇಗಕ್ಕೆ ಒಗ್ಗಿದ ಮೇಲೆ ನಾಲ್ಕೈದು ಚಿತ್ರಗಳ ಒಂದು ಸುತ್ತು ಹೊಡೆಯಿರಿ, ಹೊಡೆದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಪರದೆ ನೋಡಲು ಕ್ಯಾಮೆರಾ ಇಳಿಸಿದಿರೋ, ಒಳ್ಳೆಯ ರೆಕ್ಕೆ ಆಗಲೇ ಹಾದುಹೋಗಿರುತ್ತದೆ.

ಬಾತುಗಳು ಏಳುವ ಮುನ್ನ ಸೂಚನೆ ಕೊಡುತ್ತವೆ. ಕತ್ತು ನೆಟ್ಟಗಾಗುತ್ತದೆ, ತಲೆ ಕೊಡವುತ್ತವೆ, ಕೂಗು ಹೆಚ್ಚುತ್ತದೆ. ಬಕ ಮೈ ಕುಗ್ಗಿಸಿ ಮುಂದಕ್ಕೆ ಬಾಗುತ್ತದೆ. ಇದನ್ನು ಕಾದು ನೋಡುವುದರಲ್ಲೇ ನನಗೆ ಫೋಟೊಗಿಂತ ಹೆಚ್ಚಿನ ಸುಖ.

ಕಾಯಲಾರದೆ ಕಲ್ಲೆಸೆದು, ಚಪ್ಪಾಳೆ ಹೊಡೆದು ಹಕ್ಕಿ ಎಬ್ಬಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಈ ಹೆಬ್ಬಾತುಗಳು ಮಂಗೋಲಿಯ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಂದ ಜೀವಗಳು, ಹಗಲು ಕೆರೆಯಲ್ಲಿ ದಣಿವಾರಿಸಿಕೊಳ್ಳುತ್ತವೆ; ಮಾರ್ಚ್ ಹೊತ್ತಿಗೆ ಅದೇ ದಾರಿ ಹಿಡಿದು ಮರಳಬೇಕು. 2024ರಲ್ಲಿ ಮಾಗಡಿ ಕೆರೆ ರಾಮ್ಸರ್ ಪಟ್ಟಿಗೆ (ಜಗತ್ತಿನ ಮಹತ್ವದ ಕೆರೆ, ಜೌಗು ನೆಲಗಳ ಪಟ್ಟಿ) ಸೇರಿದ್ದಕ್ಕೆ ಇವೂ ಒಂದು ಕಾರಣ. ನೀರಂಚಿಗೆ ಇಳಿಯಬೇಡಿ, ಡ್ರೋನ್ ಹಾರಿಸಬೇಡಿ. ಹಕ್ಕಿಗಳೆಲ್ಲ ಒಮ್ಮೆಗೇ ಕತ್ತೆತ್ತಿ ನಿಮ್ಮತ್ತ ನೋಡಿದರೆ ನೀವು ತೀರಾ ಹತ್ತಿರ ಬಂದಿದ್ದೀರಿ, ನಾಲ್ಕು ಹೆಜ್ಜೆ ಹಿಂದೆ ಸರಿದು ಕೂತುಬಿಡಿ.

ಇನ್ನೊಂದು ಕೆಲಸ. ಮನೆಗೆ ಬಂದು ಚಿತ್ರಗಳನ್ನು ಹಿಗ್ಗಿಸಿ ನೋಡುವಾಗ ಬಾತುಗಳ ಕೊರಳನ್ನೂ ಗಮನಿಸಿ. ಮಂಗೋಲಿಯದಲ್ಲಿ ಅಕ್ಷರ, ಅಂಕಿ ಬರೆದ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಅಂಥದ್ದು ಸಿಕ್ಕರೆ ಆ ಚಿತ್ರ ಚೆಂದವಿಲ್ಲದಿದ್ದರೂ ಅಳಿಸಬೇಡಿ. ಪಟ್ಟಿಯ ಬಣ್ಣ, ಅದರ ಮೇಲಿನ ಬರಹ, ದಿನಾಂಕ, ಕೆರೆಯ ಹೆಸರು ಬರೆದು ಚಿತ್ರದ ಜೊತೆ ಅರಣ್ಯ ಇಲಾಖೆಯವರಿಗೆ ತಲುಪಿಸಿ.