ಎದೆಗೆ ಅಂಟಿಸಿದ ಪ್ಯಾಚ್: ಚರ್ಮ ಕೆಡದಂತೆ ನೋಡಿಕೊಳ್ಳುವುದು ಹೇಗೆ?

ಹೃದಯ ಬಡಿತದ ಏರುಪೇರು ಪತ್ತೆಹಚ್ಚುವ ಹೋಲ್ಟರ್ ಯಂತ್ರವನ್ನು ಸಾಮಾನ್ಯವಾಗಿ 24ರಿಂದ 48 ಗಂಟೆ ಕಟ್ಟಿಕೊಳ್ಳಬೇಕು. ಹೊಸ ಬಗೆಯ ಪ್ಯಾಚ್‌ಗಳು 14 ದಿನದವರೆಗೂ ಎದೆಯ ಮೇಲಿರುತ್ತವೆ. ಅಷ್ಟು ದಿನ ಚರ್ಮಕ್ಕೆ ಕಿರುಕುಳ ಕೊಡುವುದು ಯಂತ್ರಕ್ಕಿಂತ ಹೆಚ್ಚಾಗಿ ಅದರ ಅಂಟು ಮತ್ತು ಅಡಿಯಲ್ಲಿ ನಿಲ್ಲುವ ಬೆವರು.

ಮೊದಲು, ಸೋಪು ಹಚ್ಚಿ ಸ್ನಾನ ಮಾಡಿ, ಚರ್ಮ ಪೂರ್ತಿ ಒಣಗಲಿ. ಎಣ್ಣೆ, ಪೌಡರ್, ಲೋಷನ್ ಬೇಡ. ಎದೆಗೂದಲಿಗೆ ಬ್ಲೇಡಿಗಿಂತ ಟ್ರಿಮ್ಮರ್ ಲೇಸು. ಗಿಲೀಟಿನ ಒಡವೆಯಿಂದಲೋ ಪ್ಲಾಸ್ಟರ್‌ನಿಂದಲೋ ಹಿಂದೆ ತುರಿಕೆ ಎದ್ದಿದ್ದರೆ ತಂತ್ರಜ್ಞರಿಗೆ ಮೊದಲೇ ತಿಳಿಸಿ. ಎಲೆಕ್ಟ್ರೋಡ್‌ನ (ಬಡಿತ ಗ್ರಹಿಸಲು ಎದೆಗೆ ಅಂಟಿಸುವ ಬಿಲ್ಲೆ) ಗುಂಡಿಯಲ್ಲಿ ನಿಕ್ಕಲ್, ಅಂಟಿನಲ್ಲಿ ಅಕ್ರಿಲೇಟ್ ಇರಬಹುದು; ಎರಡೂ ಕೆಲವರಿಗೆ ಅಲರ್ಜಿ ತರುತ್ತವೆ. ಪ್ಯಾಚನ್ನು ಎಳೆದು ಅಂಟಿಸಬಾರದು. ಬಿಗಿದ ಅಂಚಿನಲ್ಲೇ ಬೊಬ್ಬೆ ಏಳುತ್ತದೆ.

ತುರಿಕೆ ಶುರುವಾದರೆ ಗಾಬರಿಯಿಂದ ಕೀಳಬೇಡಿ; ದಾಖಲೆ ಅರ್ಧಕ್ಕೆ ನಿಲ್ಲುತ್ತದೆ. ಗುರುತು ಪ್ಯಾಚಿನ ಆಕಾರದಲ್ಲೇ ಇದ್ದು ಸ್ವಲ್ಪ ಉರಿದರೆ ಅದು ಬಹುಪಾಲು ಬರೀ ಕಿರಿಕಿರಿ, ತೆಗೆದ ಮೇಲೆ ಇಳಿಯುತ್ತದೆ. ಅಲರ್ಜಿಯ ರೀತಿ ಬೇರೆ. ಒಂದೆರಡು ದಿನ ತಡವಾಗಿ, ಕೆಲವೊಮ್ಮೆ ಪ್ಯಾಚ್ ಕಿತ್ತ ನಂತರ, ವಿಪರೀತ ತುರಿಕೆಯೊಂದಿಗೆ ಬಂದು ಅಂಚು ದಾಟಿ ಹರಡುತ್ತದೆ, ನೀರುಗುಳ್ಳೆ ಏಳುತ್ತವೆ. ಆಗ ಆಸ್ಪತ್ರೆಗೆ ಫೋನ್ ಮಾಡಿ ಬೇರೆ ಎಲೆಕ್ಟ್ರೋಡ್ ಕೇಳಿ. ಪಠ್ಯಪುಸ್ತಕಗಳು ‘ಕೆಂಪಾಗುವುದು’ ಎಂದು ಬರೆದುಬಿಡುತ್ತವೆ. ನಮ್ಮ ಕಂದು ಮೈಬಣ್ಣದಲ್ಲಿ ಅದು ನೇರಳೆಯಾಗಿಯೋ ಇನ್ನಷ್ಟು ಕಪ್ಪಾಗಿಯೋ ಕಾಣುತ್ತದೆ. ಕಣ್ಣನ್ನಷ್ಟೇ ನಂಬದೆ ಅಂಗೈಯ ಹಿಂಬದಿಯಿಂದ ಮುಟ್ಟಿ, ಬಿಸಿ ಇದೆಯೇ ನೋಡಿ.

ಹೆಚ್ಚಿನ ಗಾಯವಾಗುವುದು ತೆಗೆಯುವಾಗ. ಒಂದೇ ಏಟಿಗೆ ಕಿತ್ತರೆ ವಯಸ್ಸಾದವರ ತೆಳು ಚರ್ಮ ಅಂಟಿನ ಜೊತೆಗೇ ಸುಲಿದು ಬರುತ್ತದೆ. ಅಂಚಿಗೆ ಕೊಬ್ಬರಿ ಎಣ್ಣೆ ಸವರಿ ಕೆಲವು ನಿಮಿಷ ಬಿಡಿ. ಒಂದು ಕೈಯಲ್ಲಿ ಚರ್ಮ ಒತ್ತಿ ಹಿಡಿದು, ಇನ್ನೊಂದರಿಂದ ಪ್ಯಾಚನ್ನು ಮೇಲಕ್ಕೆತ್ತದೆ ಹಿಂದಕ್ಕೆ ಮಡಚುತ್ತಾ ನಿಧಾನವಾಗಿ ಬಿಡಿಸಿ.

ಗುಳ್ಳೆ ಒಡೆಯಬೇಡಿ. ಅರಿಸಿನ, ಟೂತ್‌ಪೇಸ್ಟ್ ಮೆತ್ತಬೇಡಿ. ಔಷಧದಂಗಡಿಯವರು ಕೇಳಿದೊಡನೆ ಕೊಡುವ, ಸ್ಟೀರಾಯ್ಡ್ ಬೆರೆತ ‘ಎಲ್ಲದಕ್ಕೂ ಒಂದೇ’ ಮುಲಾಮಂತೂ ಬೇಡವೇ ಬೇಡ. ಕೀವು, ಹೆಚ್ಚುವ ನೋವು, ಹಬ್ಬುವ ಬಿಸಿ, ಜ್ವರ ಕಂಡರೆ ವೈದ್ಯರಿಗೆ ತೋರಿಸಿ. ಪೇಸ್‌ಮೇಕರ್ ಕೂರಿಸಿದ ಗಾಯದ ಬಳಿ ಇವು ಕಾಣಿಸಿಕೊಂಡರೆ ಅದು ಚರ್ಮದ ವಿಷಯವೇ ಅಲ್ಲದಿರಬಹುದು, ಅಂದೇ ಹೃದ್ರೋಗ ತಜ್ಞರ ಬಳಿ ಹೋಗಿ.