ತಿಂಗಳ ದುಡ್ಡನ್ನು ಬಾಬತ್ತು ಮಾಡಿ ಹಂಚುವುದು ಹೇಗೆ?

ಸಂಬಳ ಬಂದ ಮೊದಲ ವಾರ ಕೈ ಧಾರಾಳವಾಗಿರುತ್ತದೆ. ಮೂರನೇ ವಾರಕ್ಕೆ ಬಿಗಿಯಾಗುತ್ತದೆ. ಕೊನೆಯ ವಾರ ‘ಅಷ್ಟೊಂದು ದುಡ್ಡು ಎಲ್ಲಿ ಹೋಯ್ತು’ ಎಂಬ ಮಾತು ಏಳುತ್ತದೆ. ಗಂಡ ಹೆಂಡತಿಯನ್ನು, ಹೆಂಡತಿ ಗಂಡನನ್ನು ನೋಡುತ್ತಾರೆ. ಇಬ್ಬರೂ ದುಂದು ಮಾಡಿರುವುದಿಲ್ಲ. ಆದರೂ ದುಡ್ಡು ಇಲ್ಲ.

ನಾನು ಕೆಲವು ವರ್ಷ ದಿನಾ ರಾತ್ರಿ ಖರ್ಚು ಬರೆದಿಡುತ್ತಿದ್ದೆ. ಒಂದು ದಿನವೂ ತಪ್ಪಿಸಿದ್ದಿಲ್ಲ. ಆದರೂ ವರ್ಷಕ್ಕೆರಡು ಸಲ ಕೈಸಾಲ ಮಾಡುವುದು ತಪ್ಪಲಿಲ್ಲ. ಹೋದ ದುಡ್ಡಿನ ಲೆಕ್ಕ ನನ್ನ ಬಳಿ ಸರಿಯಾಗೇ ಇತ್ತು. ಹೋಗುವ ಮೊದಲು ಯಾವುದಕ್ಕೆ ಎಷ್ಟು ಎಂದು ಹಂಚಿಡುವ ಅಭ್ಯಾಸ ಮಾತ್ರ ಇರಲಿಲ್ಲ. ಅದನ್ನು ಕಲಿತ ಮೇಲೆ ಮನೆಯಲ್ಲಿ ಎಷ್ಟು ನೆಮ್ಮದಿ ಬಂತು ಎಂಬುದು ನನಗೆ ಗೊತ್ತು. ಹಾಗಾಗಿ ಕ್ರಮವಾಗಿ ಹೇಳುತ್ತೇನೆ.

ಮೊದಲು: ಕೈಗೆ ಬರುವುದು ಎಷ್ಟು?

ತೆರಿಗೆ, ಭವಿಷ್ಯನಿಧಿ, ಇತರ ಕಡಿತ ಎಲ್ಲ ಕಳೆದು ನಿಮ್ಮ ಖಾತೆಗೆ ಬೀಳುವ ಮೊತ್ತವನ್ನೇ ಹಿಡಿಯಿರಿ. ಬರಬಹುದಾದ ಬೋನಸ್, ವಾಪಸ್ ಸಿಗಬಹುದಾದ ಸಾಲ ಲೆಕ್ಕಕ್ಕೆ ಬೇಡ. ಬಂದಾಗ ನೋಡೋಣ.

ವಾರದ ಕೂಲಿ ಇರುವವರು ಒಂದು ವಿಷಯ ಗಮನಿಸಿ. ತಿಂಗಳಿಗೆ ನಾಲ್ಕು ವಾರ ಅಂದುಕೊಳ್ಳುತ್ತೇವೆ, ಅಲ್ವಾ? ವರ್ಷಕ್ಕೆ 52 ವಾರ. 12ರಿಂದ ಭಾಗಿಸಿದರೆ 4.33 ಬರುತ್ತದೆ. ವಾರಕ್ಕೊಮ್ಮೆ ಮಾಡುವ ಖರ್ಚಿಗೂ ಇದೇ ಲೆಕ್ಕ. ವಾರಕ್ಕೆ 30ರಂತೆ ತಿಂಗಳಿಗೆ 120 ಎತ್ತಿಟ್ಟರೆ ಪ್ರತಿ ತಿಂಗಳೂ 10 ಕಡಿಮೆ ಬೀಳುತ್ತದೆ. ಯಾಕೆ ಸಾಲುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರ ಮನೆಯಲ್ಲಿ ಎಷ್ಟೋ ಸಲ ಈ ಹತ್ತೇ ಕಾರಣ.

ಒಂದು ತಿಂಗಳು ಜಾಸ್ತಿ, ಒಂದು ತಿಂಗಳು ಕಡಿಮೆ ದುಡಿಯುವವರು ಕಳೆದ 12 ತಿಂಗಳಲ್ಲಿ ತೀರಾ ಕಡಿಮೆ ಬಂದ ತಿಂಗಳನ್ನು ಆಧಾರ ಮಾಡಿಕೊಳ್ಳಿ. ಅದಕ್ಕಿಂತ ಹೆಚ್ಚು ಬಂದದ್ದನ್ನು ಬೇರೆ ಇಡಿ. ಕೈ ಖಾಲಿ ಇರುವ ತಿಂಗಳಿಗೆ ಅದು ಬೇಕಾಗುತ್ತದೆ.

ಹಿಂದಿನ ಮೂರು ತಿಂಗಳು ತೆಗೆದು ನೋಡಿ

ಬ್ಯಾಂಕಿನ ವಹಿವಾಟಿನ ಪಟ್ಟಿ, ಬಿಲ್ಲು, ಫೋನಿನಲ್ಲಿ ಉಳಿದ ಸಂದೇಶ, ಸಿಕ್ಕಿದ್ದೆಲ್ಲ ಮುಂದಿಟ್ಟುಕೊಳ್ಳಿ. ಮನೆಯಲ್ಲಿ ದುಡಿಯುವವರು, ಖರ್ಚು ಮಾಡುವವರು ಎಲ್ಲರೂ ಒಟ್ಟಿಗೆ ಕೂರಿ. ಪ್ರತಿ ಖರ್ಚಿನ ಪಕ್ಕ ಯಾವುದಕ್ಕೆ ಹೋಯ್ತು ಎಂದಷ್ಟೇ ಬರೆಯಿರಿ. ‘ಇದು ಬೇಕಿತ್ತಾ’ ಎಂಬ ಮಾತು ಇವತ್ತು ಬೇಡ. ಆ ಮಾತು ಬಂದ ಕೂಡಲೇ ಒಬ್ಬರು ಮುಚ್ಚಿಡಲು ಶುರು ಮಾಡುತ್ತಾರೆ. ಮುಚ್ಚಿಟ್ಟ ಲೆಕ್ಕದ ಮೇಲೆ ಏನು ಹಂಚಿದರೂ ನಿಲ್ಲುವುದಿಲ್ಲ.

ಬಾಬತ್ತು ಮಾಡಿ

ಎಂಟು ಹತ್ತು ಬಾಬತ್ತು ಸಾಕು. ಬಾಡಿಗೆ ಅಥವಾ ಮನೆ ಕಂತು, ದಿನಸಿ, ವಿದ್ಯುತ್ತು ನೀರು ಫೋನು, ಓಡಾಟ, ಮಕ್ಕಳ ಓದು, ಔಷಧಿ, ಸಾಲದ ಕಂತು, ಉಳಿತಾಯ, ಮನರಂಜನೆ, ಪ್ರತಿಯೊಬ್ಬರ ಕೈಖರ್ಚು. ಇಪ್ಪತ್ತು ಮೂವತ್ತು ಮಾಡಿದರೆ ಎರಡನೇ ತಿಂಗಳಿಗೇ ಬೇಸರ ಬಂದು ಪುಸ್ತಕ ಮೂಲೆ ಸೇರುತ್ತದೆ.

‘ಇತರೆ’ ಎಂಬ ಬಾಬತ್ತಿನ ಮೇಲೆ ಕಣ್ಣಿಡಿ. ನನ್ನ ಹಳೇ ಪುಸ್ತಕ ತೆರೆದಾಗ ದಿನಸಿಯಾದ ಮೇಲೆ ಅತಿ ದೊಡ್ಡ ಮೊತ್ತ ಇದ್ದದ್ದು ‘ಇತರೆ’ಯಲ್ಲೇ. ಏನೆಂದು ನೆನಪಾಗದ ಖರ್ಚೆಲ್ಲ ಅಲ್ಲಿ ಹೋಗಿ ಬಿದ್ದಿತ್ತು. ನೂರರಲ್ಲಿ ಐದಕ್ಕಿಂತ ಜಾಸ್ತಿಯಾದರೆ ಅದನ್ನು ಒಡೆದು ನೋಡಿ. ಒಳಗೆ ಹೆಸರಿಲ್ಲದ ಇನ್ನೊಂದು ಬಾಬತ್ತು ಇದ್ದೇ ಇರುತ್ತದೆ.

ಕೈಖರ್ಚನ್ನು ಯಾರೂ ಕಡೆಗಣಿಸಬೇಡಿ. ಸಂಪಾದಿಸುವವರಿಗೂ, ಮನೆ ನೋಡಿಕೊಳ್ಳುವವರಿಗೂ ಒಂದಿಷ್ಟು ದುಡ್ಡು ಇರಲಿ. ಚಿಕ್ಕದಾದರೂ ಪರವಾಗಿಲ್ಲ. ಅದನ್ನು ಏನು ಮಾಡಿದೆ ಎಂದು ಯಾರೂ ಕೇಳಬಾರದು. ಒಬ್ಬರ ಕೈಯಲ್ಲಿ ಮಾತ್ರ ದುಡ್ಡಿದ್ದು ಇನ್ನೊಬ್ಬರು ಪ್ರತಿಯೊಂದಕ್ಕೂ ಕೇಳಬೇಕಾದ ಮನೆಯಲ್ಲಿ ಯಾವ ಹಂಚಿಕೆಯೂ ಹೆಚ್ಚು ದಿನ ಬಾಳಿದ್ದು ನಾನು ನೋಡಿಲ್ಲ.

ಯಾವುದಕ್ಕೆ ಎಷ್ಟು?

50–30–20 ಎಂಬ ಸೂತ್ರ ನೀವು ಕೇಳಿರಬಹುದು. ಅಮೆರಿಕದ ಎಲಿಜಬೆತ್ ವಾರೆನ್ ಮತ್ತು ಅವರ ಮಗಳು ಅಮೆಲಿಯಾ ವಾರೆನ್ ತ್ಯಾಗಿ 2005ರಲ್ಲಿ ಇದನ್ನು ಜನಪ್ರಿಯ ಮಾಡಿದರು. ವಾರೆನ್ ಆಗ ಕಾನೂನು ಪ್ರಾಧ್ಯಾಪಕಿ, ಮುಂದೆ ಸೆನೆಟರ್ ಆದರು. ತೆರಿಗೆ ಕಳೆದು ಉಳಿದ ನೂರರಲ್ಲಿ 50 ಇಲ್ಲದಿದ್ದರೆ ನಡೆಯದ ಖರ್ಚಿಗೆ, 30 ಇಷ್ಟದ ಖರ್ಚಿಗೆ, 20 ಉಳಿತಾಯ ಮತ್ತು ಸಾಲ ತೀರಿಸುವುದಕ್ಕೆ.

ಇದನ್ನು ಕನ್ನಡಿಯಂತೆ ಬಳಸಿ. ಅದಕ್ಕೆ ಮನೆಯನ್ನು ಹೊಂದಿಸಲು ಹೋಗಬೇಡಿ. ಆದಾಯ ಕಡಿಮೆ ಇರುವ ಮನೆಯಲ್ಲಿ ಬಾಡಿಗೆ, ದಿನಸಿ ಎರಡೇ 70 ದಾಟುತ್ತವೆ. ಅದು ಅವರ ತಪ್ಪಲ್ಲ. 1857ರಷ್ಟು ಹಿಂದೆಯೇ ಜರ್ಮನಿಯ ಅಂಕಿಅಂಶ ತಜ್ಞ ಅರ್ನ್ಸ್ಟ್ ಎಂಗೆಲ್ ಇದನ್ನು ತೋರಿಸಿದ್ದರು. ಕುಟುಂಬದ ಆದಾಯ ಕಡಿಮೆಯಾದಷ್ಟೂ ಅದರಲ್ಲಿ ಆಹಾರಕ್ಕೆ ಹೋಗುವ ಪಾಲು ದೊಡ್ಡದಾಗುತ್ತದೆ. ಹಾಗಾಗಿ ಪಕ್ಕದ ಮನೆಯವರ ಪ್ರಮಾಣ ನಿಮಗೆ ಹೊಂದಬೇಕಿಲ್ಲ. ನಿಮ್ಮ ಮೂರು ತಿಂಗಳ ಸರಾಸರಿಯಿಂದ ಶುರು ಮಾಡಿ. ಉಳಿತಾಯಕ್ಕೆ ನೂರರಲ್ಲಿ ಎರಡು ಮಾತ್ರ ಸಿಕ್ಕರೂ ಆ ಎರಡನ್ನೇ ಬರೆಯಿರಿ. ಸಂಬಳ ಬಂದ ದಿನವೇ ಅದನ್ನು ತೆಗೆದಿಡಿ.

ವರ್ಷಕ್ಕೊಮ್ಮೆ ಬರುವ ಖರ್ಚು

ಬಹಳ ಮನೆಗಳ ಲೆಕ್ಕ ಮುರಿದು ಬೀಳುವುದು ಇಲ್ಲೇ. ನನ್ನ ಕೈಸಾಲಗಳೆಲ್ಲ ಹುಟ್ಟಿದ್ದೂ ಇಲ್ಲೇ.

ವಾಹನದ ವಿಮೆ ಬಂತು, ಶಾಲೆಯ ಫೀಸು ಬಂತು ಎಂದಾಗ ‘ಈ ತಿಂಗಳು ಯಾಕೋ ಖರ್ಚು ಜಾಸ್ತಿ’ ಎನ್ನುತ್ತೇವೆ. ಮೂರು ತಿಂಗಳು ಬಿಟ್ಟು ಇನ್ನೊಂದು ಬರುತ್ತದೆ. ಆಗಲೂ ಅದೇ ಮಾತು. ವಿಮೆಯ ದಿನಾಂಕ ಹೋದ ವರ್ಷವೇ ಗೊತ್ತಿತ್ತು. ಶಾಲೆ ಶುರುವಾಗುವ ತಿಂಗಳೂ ಗೊತ್ತಿತ್ತು. ಗೊತ್ತಿದ್ದ ಖರ್ಚನ್ನೇ ನಾವು ದಿಢೀರ್ ಖರ್ಚು ಎಂದು ಕರೆಯುತ್ತೇವೆ.

ಒಂದು ಹಾಳೆ ತೆಗೆದುಕೊಳ್ಳಿ. ಹನ್ನೆರಡು ತಿಂಗಳ ಹೆಸರು ಒಂದರ ಕೆಳಗೊಂದು ಬರೆಯಿರಿ. ತಿಂಗಳು ತಿಂಗಳು ಬಾರದ ಖರ್ಚನ್ನೆಲ್ಲ ಅದು ಬರುವ ತಿಂಗಳ ಎದುರು ಹಾಕಿ. ಒಂದು ಮನೆಗೆ ತಿಂಗಳಿಗೆ ಕೈಗೆ ಬರುವುದು 1000 ಎಂದುಕೊಳ್ಳಿ. ಯಾವ ದೇಶದ ನಾಣ್ಯವಾದರೂ ಆಗಲಿ. ಆ ಮನೆಯ ಹಾಳೆ ಹೀಗಿದೆ: ಶಾಲೆಯ ಫೀಸು 480, ವಾಹನದ ವಿಮೆ 240, ಬಟ್ಟೆಬರೆ 180, ಊರಿಗೆ ಹೋಗಿಬರುವ ಖರ್ಚು 180, ರಿಪೇರಿ 120. ಕೂಡಿದರೆ 1200. ಅಂದರೆ ವರ್ಷದಲ್ಲಿ ಒಂದು ಪೂರ್ತಿ ಸಂಬಳಕ್ಕಿಂತ ಜಾಸ್ತಿ ಈ ಹಾಳೆಗೇ ಹೋಗುತ್ತದೆ. ಅದಕ್ಕೊಂದು ಬಾಬತ್ತು ಇಲ್ಲದಿದ್ದರೆ ಬೇರೆ ಬಾಬತ್ತಿನಿಂದ ಕಿತ್ತುಕೊಳ್ಳಬೇಕು, ಇಲ್ಲವೇ ಸಾಲ ಮಾಡಬೇಕು. 12ರಿಂದ ಭಾಗಿಸಿ. ತಿಂಗಳಿಗೆ 100 ಎತ್ತಿಟ್ಟರೆ ಮುಗಿಯಿತು.

ಆದರೆ ಶುರು ಮಾಡುವಾಗ ಒಂದು ತೊಡಕಿದೆ. ವಿಮೆಗೆ ಇನ್ನು ನಾಲ್ಕೇ ತಿಂಗಳು ಉಳಿದಿದ್ದರೆ ತಿಂಗಳಿಗೆ 20ರಂತೆ ಇಟ್ಟು 240 ಆಗುವುದಿಲ್ಲ. ಈ ಸಲಕ್ಕೆ ನಾಲ್ಕು ತಿಂಗಳು 60ರಂತೆ ಇಡಬೇಕು. ಕಟ್ಟಿದ ಮೇಲೆ 20ಕ್ಕೆ ಇಳಿಸಬಹುದು. ಪ್ರತಿಯೊಂದು ಖರ್ಚಿಗೂ ಹೀಗೇ ‘ಇನ್ನೆಷ್ಟು ತಿಂಗಳಿದೆ’ ಎಂದು ಕೇಳಿಕೊಂಡು ಭಾಗಿಸಿ. ಮೊದಲ ವರ್ಷ ಸ್ವಲ್ಪ ಕಷ್ಟ. ಮನರಂಜನೆಯಲ್ಲಿ, ಬಟ್ಟೆಯಲ್ಲಿ ಕಡಿತ ಮಾಡಬೇಕಾಗುತ್ತದೆ. ಎರಡನೇ ವರ್ಷ ಸಲೀಸು.

ನಾನು ಹೀಗೆ ಎತ್ತಿಟ್ಟ ಮೊದಲ ವರ್ಷ ವಿಮೆಯ ನೋಟಿಸು ಬಂದ ದಿನ ನೆನಪಿದೆ. ಲಕೋಟೆ ಒಡೆದು ಮೊತ್ತ ನೋಡಿದೆ, ಪುಸ್ತಕ ತೆರೆದೆ. ಆ ಸಾಲಿನಲ್ಲಿ ಅಷ್ಟೂ ದುಡ್ಡು ಇತ್ತು. ಅರ್ಧ ಗಂಟೆಯಲ್ಲಿ ಕಟ್ಟಿ ಬಂದೆ. ಮನೆಯಲ್ಲಿ ಯಾರಿಗೂ ಗೊತ್ತೂ ಆಗಲಿಲ್ಲ.

ಬೇರೆ ಬೇರೆ ಇಡಿ

ಕಾಗದದ ಲಕೋಟೆ, ಬೇರೆ ಬೇರೆ ಬ್ಯಾಂಕ್ ಖಾತೆ, ಪುಸ್ತಕದಲ್ಲಿ ಬೇರೆ ಬೇರೆ ಸಾಲು, ಯಾವುದಾದರೂ ಆಗುತ್ತದೆ. ದಿನಸಿ, ಓಡಾಟ, ಕೈಖರ್ಚಿಗೆ ಲಕೋಟೆ ಒಳ್ಳೆಯದು. ತೆರೆದಾಗ ಎಷ್ಟು ಉಳಿದಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ವರ್ಷದ ಖರ್ಚಿನ ದುಡ್ಡು ಮಾತ್ರ ದಿನಬಳಕೆಯ ಖಾತೆಯಲ್ಲಿ ಇರಬಾರದು. ಕಣ್ಣೆದುರು ಇದ್ದರೆ ಕೈ ಹೋಗುತ್ತದೆ.

ಲಕೋಟೆಯ ಮೇಲೆ ಹೆಸರು ಬರೆದ ಮಾತ್ರಕ್ಕೆ ಅದರೊಳಗಿನ ದುಡ್ಡು ಬೇರೆಯಾಗುತ್ತದಾ? ಲೆಕ್ಕಕ್ಕೆ ಇಲ್ಲ, ಮನಸ್ಸಿಗೆ ಹೌದು. ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಇದನ್ನು ಮನಸ್ಸಿನ ಲೆಕ್ಕಪತ್ರ ಎಂದು ಕರೆದು ಅಧ್ಯಯನ ಮಾಡಿದರು. ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ‘ಮಗಳ ಫೀಸು’ ಎಂದು ಬರೆದಿಟ್ಟದ್ದನ್ನು ಸುಮ್ನೆ ತೆಗೆಯಲು ಮನಸ್ಸು ಬರುವುದಿಲ್ಲ. ನಮ್ಮ ಕೈ ತಡೆಯುವುದು ಅದೇ.

ಇದರಲ್ಲಿ ಒಂದು ಅಪಾಯವೂ ಇದೆ. ಒಂದು ಲಕೋಟೆಯಲ್ಲಿ ಕಡಿಮೆ ಬಡ್ಡಿಯ ಉಳಿತಾಯ, ಪಕ್ಕದಲ್ಲೇ ಕ್ರೆಡಿಟ್ ಕಾರ್ಡಿನ ಬಾಕಿ ಇರುತ್ತದೆ. ಎರಡನ್ನೂ ಸೇರಿಸಿ ನೋಡುವುದೇ ಇಲ್ಲ. ತಿಂಗಳಿಗೆ ನೂರಕ್ಕೆ 3 ಬಡ್ಡಿ ಎಂದರೆ ಚಕ್ರಬಡ್ಡಿ ಸೇರಿ ವರ್ಷಕ್ಕೆ ನೂರಕ್ಕೆ 42 ದಾಟುತ್ತದೆ. ಸಾಮಾನ್ಯವಾಗಿ ಯಾವ ಉಳಿತಾಯ ಖಾತೆಯೂ ಅಷ್ಟು ಕೊಡುವುದಿಲ್ಲ. ಅಂಥ ಸಾಲ ಇದ್ದರೆ ಒಂದು ತಿಂಗಳ ಅಗತ್ಯದ ಖರ್ಚಿನಷ್ಟು ಆಪತ್ತಿಗೆ ಇಟ್ಟುಕೊಂಡು ಉಳಿದದ್ದೆಲ್ಲ ಸಾಲಕ್ಕೆ ಹಾಕಿ. ಬಡ್ಡಿ ಜಾಸ್ತಿ ಇರುವುದು ಮೊದಲು. ಅದು ತೀರಿದ ಮೇಲೆ ಆಪತ್ತಿನ ಹಣವನ್ನು ಮೂರರಿಂದ ಆರು ತಿಂಗಳ ಖರ್ಚಿನವರೆಗೆ ನಿಧಾನವಾಗಿ ಬೆಳೆಸಿ.

ತಿಂಗಳ ನಡುವೆ ಮುಗಿದುಹೋದರೆ?

ಮುಗಿಯುತ್ತದೆ. ದಿನಸಿಯ ಲಕೋಟೆ 22ಕ್ಕೇ ಖಾಲಿಯಾಗಬಹುದು. ಬೇರೆ ಬಾಬತ್ತಿನಿಂದ ತೆಗೆದು ಹಾಕಿ, ಆದರೆ ಬರೆದು ಹಾಕಿ. ‘ಮನರಂಜನೆಯಿಂದ 15, ದಿನಸಿಗೆ. ನೆಂಟರು ನಾಲ್ಕು ದಿನ ಇದ್ದರು.’ ಒಂದು ಸಾಲು ಸಾಕು. ತಲೆಗೆ ಎಳೆದರೆ ಕಾಲಿಗಿಲ್ಲ ಎಂಬುದು ಬರೆದಾಗಲೇ ಗೊತ್ತಾಗುವುದು. ಆಪತ್ತಿನ ಹಣ ಮತ್ತು ವರ್ಷದ ಖರ್ಚಿನ ಹಣ ಇವೆರಡನ್ನು ಮಾತ್ರ ಇದಕ್ಕೆ ಮುಟ್ಟಬೇಡಿ.

ವಾರಕ್ಕೊಂದು ಸಲ ಹದಿನೈದು ನಿಮಿಷ ಲೆಕ್ಕ ನೋಡಿದರೆ ಸಾಕು. ದಿನಾ ಬೇಕಿಲ್ಲ. ಜಪಾನಿನಲ್ಲಿ ಮನೆ ಲೆಕ್ಕದ ಪುಸ್ತಕಕ್ಕೆ ಕಾಕೆಬೊ ಎನ್ನುತ್ತಾರೆ. ಪತ್ರಕರ್ತೆ ಮೊಟೊಕೊ ಹಾನಿ 1904ರಲ್ಲಿ ಅದನ್ನು ಗೃಹಿಣಿಯರಿಗಾಗಿ ಹೊರತಂದರು. ಇವತ್ತಿಗೂ ಅಲ್ಲಿ ಅದು ಬಳಕೆಯಲ್ಲಿದೆ, ಕೈಯಲ್ಲೇ ಬರೆಯುವವರೂ ಇದ್ದಾರೆ. ನನಗೂ ಆ್ಯಪ್‌ಗಿಂತ ಕೈಬರಹವೇ ಇಷ್ಟ. ಮೊತ್ತ ಬರೆಯುವಾಗ ಒಂದು ಕ್ಷಣ ಅದರ ಮೇಲೆ ಗಮನ ನಿಲ್ಲುತ್ತದೆ. ನಿಮಗೆ ಆ್ಯಪ್ ಒಗ್ಗಿದರೆ ಅದೇ ಸರಿ.

ಮೊದಲ ಮೂರು ತಿಂಗಳು ಹಂಚಿಕೆ ತಪ್ಪುತ್ತದೆ. ದಿನಸಿ ಪ್ರತಿ ತಿಂಗಳೂ ಸಾಲದಿದ್ದರೆ ನೀವು ಹಾಕಿದ ಮೊತ್ತವೇ ಕಡಿಮೆ. ಅದನ್ನು ಏರಿಸಿ, ಇನ್ನೊಂದನ್ನು ಇಳಿಸಿ. ಬಾಡಿಗೆ ಏರಿದಾಗ, ಮಗು ಹುಟ್ಟಿದಾಗ, ಒಬ್ಬರ ಕೆಲಸ ಹೋದಾಗ ಹಳೆಯದನ್ನು ತಿದ್ದಲು ಹೋಗಬೇಡಿ. ಹೊಸ ಹಾಳೆ ತೆಗೆದು ಮೊದಲಿಂದ ಹಂಚಿ. ತಿಂಗಳ ಕೊನೆಗೆ ಯಾವುದಾದರೂ ಲಕೋಟೆಯಲ್ಲಿ ಉಳಿದಿದ್ದರೆ ಅರ್ಧ ಆಪತ್ತಿನ ಹಣಕ್ಕೆ ಹಾಕಿ, ಅರ್ಧ ಅಲ್ಲೇ ಇರಲಿ.

ಬರೆದು ಮುಗಿದ ಪುಟಗಳನ್ನು ಹರಿದು ಎಸೆಯಬೇಡಿ. ಮುಂದಿನ ವರ್ಷ ಹನ್ನೆರಡು ತಿಂಗಳ ಹಾಳೆ ಬರೆಯಲು ಕೂತಾಗ ವಿಮೆ ಯಾವಾಗ ಬಂತು, ಫೀಸು ಎಷ್ಟಿತ್ತು, ಆ ಕೊಳಾಯಿ ರಿಪೇರಿಗೆ ಎಷ್ಟಾಯ್ತು ಎಂಬುದು ಅದರಲ್ಲೇ ಸಿಗುತ್ತದೆ.