64ರಿಂದ 46ಕ್ಕೆ: ಬೈಪ್ಯಾಪ್ ಜೊತೆ ನನ್ನ 14 ತಿಂಗಳು

ತೂಕ ಹೆಚ್ಚಾಗಿ, ನಿದ್ದೆಯಲ್ಲಿ ಉಸಿರಾಟ ಸಾಲದೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಸೇರಿಕೊಳ್ಳುವ ತೊಂದರೆ ನನ್ನದು. ರಾತ್ರಿ ಮಾಸ್ಕ್ ಮೂಲಕ ಗಾಳಿ ಒತ್ತಿ ಉಸಿರಿಗೆ ನೆರವಾಗುವ ಯಂತ್ರವೇ ಬೈಪ್ಯಾಪ್. ಕಳೆದ ವಾರ ಮಣಿಕಟ್ಟಿನಿಂದ ತೆಗೆದ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ 46 ಬಂತು. ಮೊದಲ ಸಲ 64ರ ಸುಮಾರು ಇತ್ತು. ‘ಯಂತ್ರ ಹಾಕಿಕೊಂಡರೆ ಶ್ವಾಸಕೋಶ ಸೋಮಾರಿಯಾಗುತ್ತದೆ’ ಎಂದು ದಾವಣಗೆರೆಯ ಮಂಡಿಯಲ್ಲಿ ನನ್ನನ್ನು ತಡೆದವರಿಗೆಲ್ಲ ಆ ವರದಿಯನ್ನು ತೋರಿಸಿ ಬಂದಿದ್ದೇನೆ.

ನನ್ನ ಮೊದಲ ತಪ್ಪು ಆಕ್ಸಿಜನ್. ರಾತ್ರಿ ರಕ್ತದ ಆಕ್ಸಿಜನ್ ಅಳೆಯುವ ಬೆರಳಿನ ಮೀಟರ್ 78 ತೋರಿಸಿದಾಗ ಹೆದರಿ, ವೈದ್ಯರನ್ನು ಕೇಳದೆ ಆಕ್ಸಿಜನ್ ಯಂತ್ರವನ್ನು ತಿಂಗಳಿಗೆ ಆರು ಸಾವಿರಕ್ಕೆ ಬಾಡಿಗೆಗೆ ತಂದೆ. ಮೀಟರ್ 94ಕ್ಕೆ ಏರಿತು, ಮನೆಯವರಿಗೆಲ್ಲ ಸಮಾಧಾನ. ಆದರೆ ಬೆಳಗಿನ ತಲೆನೋವು ಇಮ್ಮಡಿಯಾಯಿತು, ಗಲ್ಲಾದ ಮುಂದೆ ಕುಳಿತಲ್ಲೇ ತೂಕಡಿಕೆ. ನನ್ನಂಥವರಿಗೆ ಬರೀ ಆಕ್ಸಿಜನ್ ಕೊಟ್ಟರೆ ಅಂಕಿ ಚೆನ್ನಾಗಿ ಕಾಣುತ್ತದೆ, ಒಳಗೆ ಕಾರ್ಬನ್ ಡೈಆಕ್ಸೈಡ್ ಏರುತ್ತಲೇ ಇರಬಹುದು. ಮೀಟರನ್ನೇ ನಂಬಿ ಕೂತವರು ದಯವಿಟ್ಟು ಇದನ್ನು ಗಮನಿಸಿ.

ಆಮೇಲೆ ಸಿಪ್ಯಾಪ್, ಅಂದರೆ ಒಂದೇ ಒತ್ತಡದಲ್ಲಿ ಗಾಳಿ ಊದುವ ಯಂತ್ರ, ನಲವತ್ತು ಸಾವಿರ. ಗೊರಕೆ ನಿಂತಿತು, ಹೆಂಡತಿಗೆ ನಿದ್ದೆ ಬಂತು. ಆದರೆ ಮೂರು ತಿಂಗಳ ನಂತರವೂ ಕಾರ್ಬನ್ ಡೈಆಕ್ಸೈಡ್ 58. ಎಷ್ಟೋ ಜನರಿಗೆ ಅದೇ ಸಾಕಾಗುತ್ತದೆ, ನನಗೆ ಸಾಕಾಗಲಿಲ್ಲ. ಹದಿನೈದು ಸಾವಿರಕ್ಕೆ ಮಾರಿದೆ.

ಬೈಪ್ಯಾಪಿಗೆ ಎಪ್ಪತ್ತೈದು ಸಾವಿರವಾಯಿತು. ‘ಗೊರಕೆಗೆ ಇಷ್ಟು ದುಡ್ಡೇನೋ?’ ಎಂದರು ಅಣ್ಣ. ವೈದ್ಯರು ಗಾಳಿಯ ಒತ್ತಡವನ್ನು ಉಸಿರು ಎಳೆಯುವಾಗ 18, ಬಿಡುವಾಗ 8 ಎಂದು ಇಟ್ಟುಕೊಟ್ಟರು. ಮೊದಲ ತಿಂಗಳು ಲೀಕ್‌ನದೇ ಕಾಟ. ಮೂರು ಮಾಸ್ಕ್‌ಗಳಿಗೆ ಹದಿನಾಲ್ಕು ಸಾವಿರ ಸುರಿದ ಮೇಲೆ ತಿಳಿಯಿತು, ಗಾಳಿ ಸೋರುತ್ತಿದ್ದುದು ಮೀಸೆಯ ಸಂದಿನಲ್ಲಿ. ಮೂವತ್ತು ವರ್ಷದ ಮೀಸೆಯನ್ನು ಅದೇ ದಿನ ತೆಗೆಸಿದೆ, ಸೋರಿಕೆ ಅರ್ಧಕ್ಕಿಂತ ಕಡಿಮೆಯಾಯಿತು. ಉಳಿದದ್ದು ನಿಂತದ್ದು ಪಟ್ಟಿ ಬಿಗಿಯುವ ನನ್ನದೇ ಕ್ರಮದಿಂದ. ಅದನ್ನು ಬರೆಯುವುದಿಲ್ಲ, ಎದುರಿಗೆ ಬಂದವರಿಗೆ ಕಟ್ಟಿ ತೋರಿಸುತ್ತೇನೆ.

ಮಂಚದ ತಲೆಯ ಕಡೆ ಎರಡೆರಡು ಇಟ್ಟಿಗೆ ಇಟ್ಟೂ ನೋಡಿದೆ. ಉಸಿರು ಹಗುರವಾಯಿತು, ಆದರೆ ನಡುರಾತ್ರಿ ಜಾರಿ ಮಾಸ್ಕ್ ಓರೆಯಾಗುತ್ತಿತ್ತು. ಒಂದೊಂದೇ ಇಟ್ಟಿಗೆಗೆ ಇಳಿಸಿದ ಮೇಲೆ ಸರಿಹೋಯಿತು. ಕರೆಂಟ್ ಹೋದಾಗ ಯಂತ್ರದಲ್ಲಿ ಗಾಳಿಗೆ ತೇವ ಕೊಡಲು ನೀರು ಬಿಸಿಮಾಡುವ ಭಾಗವನ್ನು ಆರಿಸಿದರೆ ನಮ್ಮ ಹಳೆಯ ಇನ್ವರ್ಟರ್ ಬೆಳಗಿನವರೆಗೂ ಎಳೆಯುತ್ತದೆ. ಬಾಯಿ ಒಣಗುತ್ತದೆ, ಅಷ್ಟೇ.

ತೂಕ 131ರಿಂದ 112 ಕಿಲೋಗೆ ಇಳಿದಿದೆ. ರಾತ್ರಿ ಏಳಕ್ಕೆ ಒಂದು ಜೋಳದ ರೊಟ್ಟಿ, ಪಲ್ಯ. ಬೆಣ್ಣೆ ದೋಸೆ ತಿಂಗಳಿಗೊಮ್ಮೆ. ನಿದ್ದೆ ಸರಿಯಾದ ಮೇಲೆಯೇ ಕುಂದುವಾಡ ಕೆರೆಯ ಸುತ್ತ ನಡೆಯಲು ಕಾಲು ಬಂದದ್ದು. ‘ಮೊದಲು ತೂಕ ಇಳಿಸು, ಯಂತ್ರ ಆಮೇಲೆ’ ಎನ್ನುವವರ ಮಾತು ಕೇಳಿ ನಾನು ಎರಡು ವರ್ಷ ಕಳೆದುಕೊಂಡೆ.

ಹರಪನಹಳ್ಳಿಯ ಮದುವೆಗೂ ಯಂತ್ರವನ್ನು ಹೊತ್ತುಕೊಂಡೇ ಹೋಗಿದ್ದೆ. ಕಲ್ಯಾಣ ಮಂಟಪದಲ್ಲಿ ಪ್ಲಗ್ ಇರುವ ಗೋಡೆಯ ಪಕ್ಕಕ್ಕೇ ಹಾಸಿಗೆ ಹಾಕಿಸಿಕೊಂಡೆ.